ಚಾಲೂ ಇರ್ಲಿ

ನನ್ನ ನಾಲಿಗೆ ಈಗ ಅರ್ಧವೇ ಇದೆ. ಎಡಗಡೆಯ ಅರ್ಧವನ್ನು ಹೈದರಾಬಾದಿನ ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದು ಏಳು ವರ್ಷವಾಯಿತು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ, ಜಹೀರಾಬಾದಿನಲ್ಲಿ. ನಾರಾಯಣಖೇಡ, ತಾಂಡೂರು, ಝರಾಸಂಗಂ, ಯಾವ ರೂಟಿಗೆ ಹಾಕಿದರೂ ನನ್ನ ಗಂಟಲು ಹಾರ್ನ್‌ಗಿಂತ ಮುಂದೆ ಹೋಗುತ್ತದೆ ಎಂದು ಡ್ರೈವರುಗಳು ರೇಗಿಸುತ್ತಿದ್ದರು. ಒಂದೇ ಬಸ್ಸಿನಲ್ಲಿ ಮುಂದಿನ ಸೀಟಿನವರೊಡನೆ ತೆಲುಗು, ನಡುವಿನವರೊಡನೆ ದಖ್ಖನಿ ಉರ್ದು, ಹಿಂದೆ ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರೊಡನೆ ಕನ್ನಡ ಆಡುತ್ತಾ ಟಿಕೆಟ್ ಹರಿದು ಕೊಡುತ್ತಿದ್ದೆ. ಎಡಗೆನ್ನೆಯಲ್ಲಿ ಸದಾ ತಂಬಾಕು. ಅದನ್ನು ಇಟ್ಟುಕೊಂಡೇ ಅಷ್ಟೆಲ್ಲ ಮಾತಾಡುತ್ತೇನೆ ಎಂಬ ಜಂಬವೂ ಇತ್ತು, ಮುಚ್ಚಿಡುವುದೇಕೆ.

ಈಗ ಡಿಪೋದ ಸಾಮಾನು ಕೋಣೆಯಲ್ಲಿ ಕೆಲಸ. ಟೈರು, ಗ್ರೀಸು, ಬಲ್ಬು ಕೇಳಿದವರಿಗೆ ತೆಗೆದುಕೊಟ್ಟು ಸಹಿ ಹಾಕಿಸಿಕೊಳ್ಳಬೇಕು, ಅಷ್ಟೆ. ನನ್ನ ಮಾತು ನನ್ನ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ, ಕಷ್ಟವೇನಿದ್ದರೂ ಎದುರಿನವರಿಗೆ. ‘ರ’ ಮತ್ತು ‘ಲ’ ತೊಡರುತ್ತವೆ. ದೀರ್ಘ ಎಳೆದರೆ ಜೊಲ್ಲು ಬರುತ್ತದೆಂದು ಎಲ್ಲ ದೀರ್ಘವನ್ನೂ ಗಿಡ್ಡ ಮಾಡಿ ಮುಗಿಸುತ್ತೇನೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೊಸದಾಗಿ ಸೇರಿದವನೊಬ್ಬ, ನಾನು ಚಹಾ ಕೇಳಿದರೆ ಒಳಗೆ ತಿರುಗಿ, “ಮುಂಜಾನೀನೇ ಹಾಕ್ಯಾನ ನೋಡ್ರಿ” ಅಂದ. ಕುಡಿದವನ ಮಾತಿಗೂ ನನ್ನ ಮಾತಿಗೂ ಅವನಿಗೆ ವ್ಯತ್ಯಾಸ ಕಾಣಲಿಲ್ಲ. ಚಹಾ ಕುಡಿಯದೆ ಎದ್ದು ಬಂದೆ.

ಮನೆಯವರು ಕೆಟ್ಟವರಲ್ಲ. ಆದರೆ ನಾನು ಒಂದು ಅಕ್ಷರ ಎತ್ತಿದರೆ ಉಳಿದದ್ದನ್ನು ಅವರೇ ಊಹಿಸಿ ಮುಗಿಸಿಬಿಡುತ್ತಾರೆ. ಟವೆಲ್ ಕೇಳಲು ಹೋದರೆ ತಟ್ಟೆ ಬರುತ್ತದೆ. ಬೀದರಿಗೆ ಕೊಟ್ಟ ಮಗಳು ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ನಾನು ಎತ್ತಿಕೊಂಡರೆ ಎರಡು ಮಾತು ಕೇಳಿ, “ಅಪ್ಪಾ, ತಿಳೀವಲ್ದು, ಅವ್ವನ ಕೈಯಾಗ ಕೊಡು” ಅನ್ನುತ್ತಾಳೆ. ಕೊಡುತ್ತೇನೆ. ತುಂಬಿದ ಮನೆಯಲ್ಲಿ ಇಷ್ಟು ಒಂಟಿಯಾಗಿ ಇರಬಹುದು ಎಂದು ಮೊದಲು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಆಪರೇಷನ್ ಆಗಿ ಮೂರು ವರ್ಷಕ್ಕೆ, ದೊಡ್ಡಾಸ್ಪತ್ರೆಯಲ್ಲಿ ರೋಗಿಗಳಿಗೆ ಧೈರ್ಯ ಹೇಳುವ ಸಿಸ್ಟರ್ ಒಬ್ಬರು ನನ್ನನ್ನು ಕೂರಿಸಿಕೊಂಡು ಒಂದು ವಿಷಯ ಕೇಳಿದರು. ಕ್ಯಾನ್ಸರ್ ದಾಟಿ ಬಂದ ಒಬ್ಬೊಬ್ಬ ಹಳಬರನ್ನು ಒಬ್ಬೊಬ್ಬ ಹೊಸ ರೋಗಿಗೆ ಜೊತೆ ಮಾಡುತ್ತಿದ್ದರು. ನಿಮ್ಮ ಕಡೆಯವರು ನೋವಾದಾಗ ಕನ್ನಡದಲ್ಲೇ ಅಳುತ್ತಾರೆ, ನಮಗೆ ತಿಳಿಯುವುದಿಲ್ಲ, ನೀವು ಮಾತಾಡಿ ಎಂದರು. ನನ್ನ ಮಾತೇ ಯಾರಿಗೂ ತಿಳಿಯುವುದಿಲ್ಲವಲ್ಲ ಅಂದೆ. ಅದಕ್ಕೇ ನೀವು ಬೇಕು, ಇಷ್ಟಾದರೂ ಬದುಕಬಹುದೆಂದು ಅವರು ಕಣ್ಣಾರೆ ನೋಡಲಿ ಅಂದರು. ನನಗೆ ಉರಿದುಹೋಯಿತು. ನಾನೇನು ಅಂಗಡಿಯ ಮುಂದೆ ತೂಗುಹಾಕುವ ಸ್ಯಾಂಪಲ್ಲೇ? ಆದರೂ ಒಪ್ಪಿಕೊಂಡೆ. ಒಂದು ಮುಂಜಾನೆ ನಮಗೆಲ್ಲ ಪಾಠವಾಯಿತು. ನಿಮಗಾದದ್ದನ್ನು ಹೇಳಿ, ಅವರದನ್ನು ಕೇಳಿ. ಔಷಧಿಯ ವಿಷಯದಲ್ಲಿ ‘ನಿಲ್ಲಿಸು’ ಎಂದೂ ‘ಮುಂದುವರಿಸು’ ಎಂದೂ ನಿಮ್ಮ ಬಾಯಿಂದ ಬರಕೂಡದು, ಡಾಕ್ಟರನ್ನು ಕೇಳಿ ಅಂದರೆ ಸಾಕು. ಎಲ್ಲರೂ ತಲೆಯಾಡಿಸಿದೆವು.

ಧರ್ಮಕ್ಕೆ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಬಾಯಿಯ ಕ್ಯಾನ್ಸರ್ ಎಂದು ಮೊನ್ನೆಯಷ್ಟೇ ಗೊತ್ತಾದ ಮನುಷ್ಯ ಕೇಳುವಷ್ಟು ಗಮನವಿಟ್ಟು ಮತ್ತಾರೂ ಕೇಳುವುದಿಲ್ಲ. ನನ್ನ ಬಾಯಿಯನ್ನೇ ನೋಡುತ್ತಾ, ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ನಾನು ಮುಗಿಸುವ ತನಕ ಕಾಯುತ್ತಿದ್ದರು. ಯಾರೂ ನನ್ನ ವಾಕ್ಯವನ್ನು ತಾವು ಮುಗಿಸುತ್ತಿರಲಿಲ್ಲ. ಅದಕ್ಕಾಗಿ ವಾರದ ರಜೆಯಲ್ಲಿ ಎಷ್ಟು ದೂರ ಬೇಕಾದರೂ ಬಸ್ಸು ಹತ್ತಿ ಹೋಗುತ್ತಿದ್ದೆ.

ನನ್ನ ಪಾಲಿಗೆ ಬಂದ ಮೊದಲನೆಯವನು ತಾಂಡೂರಿನಲ್ಲಿ ಬಂಡೆ ಪಾಲಿಶ್ ಮಾಡುವವನು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಹಲ್ಲಿನ ನಡುವೆ ತೂರಿಸಿ, ವಾರಕ್ಕೊಂದು ಕಡ್ಡಿ ಹೆಚ್ಚಿಸುತ್ತಾ ಹೋಗುವ ಕಸರತ್ತನ್ನು ಅವನ ಎದುರು ಕೂತು ನಾನೂ ಮಾಡುತ್ತಿದ್ದೆ. ಒಂದು ವರ್ಷ ಹಾಗೆ ನಡೆಯಿತು. ಆಮೇಲೊಮ್ಮೆ ತಾಂಡೂರಿನ ತೊಗರಿ ಮಾರ್ಕೆಟ್ಟಿನ ಹತ್ತಿರ ಅವನು ನಾಲ್ಕು ಜನರ ಜೊತೆ ನಿಂತು ಮಿರ್ಚಿ ಬಜ್ಜಿ ತಿನ್ನುತ್ತಿದ್ದ. ಎಷ್ಟು ಅಗಲ ಬಾಯಿ ತೆಗೆಯುತ್ತಿದ್ದ! ಖುಷಿಯಿಂದ ಕೈ ಎತ್ತಿದೆ. ಅವನು ನನ್ನನ್ನು ನೋಡಿದ, ನೋಡಿದ್ದು ನನಗೆ ಗೊತ್ತು, ಆಮೇಲೆ ಮುಖ ತಿರುಗಿಸಿ ಅಂಗಡಿಯವನ ಹತ್ತಿರ ಏನೋ ಕೇಳತೊಡಗಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡೆ. ಆ ಅವಮಾನವನ್ನು ಬಹಳ ದಿನ ಮೆಲುಕು ಹಾಕಿದೆ. ಹೊಸಬರ ನಂಬರು ಕೊಟ್ಟಾಗಲೆಲ್ಲ, ಇವರೂ ವಾಸಿಯಾದ ದಿನ ಮೂತಿ ತಿರುಗಿಸುವವರೇ ಎಂದು ಒಳಗೇ ಗೊಣಗುತ್ತಿದ್ದೆ.

ಆಮೇಲೆ ಬಂದವಳು ನಾರಾಯಣಖೇಡದ ಹತ್ತಿರದ ಹಳ್ಳಿಯ ಹೆಣ್ಣುಮಗಳು. ನಲವತ್ತರ ಆಸುಪಾಸು, ಗಂಡ ಹೆಂಡತಿ ಇಬ್ಬರೇ ಕುರಿ ಸಾಕಿಕೊಂಡಿದ್ದರು. ಅವಳಿಗೂ ನಾಲಿಗೆಯ ಅಂಚಿನಲ್ಲೇ ಗಡ್ಡೆ. ಆಪರೇಷನ್ನಿಗೆ ಮೊದಲು ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಮಾತಿಗೆ ಕೂತೆವು. ಎಲ್ಲರೂ ಕೇಳುವಂತೆ, ಎಷ್ಟು ದಿನ, ಎಷ್ಟು ನೋವು, ಮತ್ತೆ ಬರುತ್ತದಾ ಎಂದು ಅವಳು ಕೇಳಲಿಲ್ಲ.

“ಯಣ್ಣಾ, ಕುರಿ ಕರಿಯಾಕ ಬರ್ತದೇನ್ ಆಮ್ಯಾಲ?”

ಏನು ಹಾಗೆಂದರೆ ಅಂದೆ. ಅವಳು ನಾಲಿಗೆಯನ್ನು ಮೇಲೆ ಒತ್ತಿ “ಟುರ್‍ರ್‍ರ್” ಎಂದು ಒಂದು ಕೂಗು ಹಾಕಿದಳು. ಇಡೀ ಅಂಗಳ ತಿರುಗಿ ನೋಡಿತು. ಗಂಡ ನಾಚಿಕೆಯಿಂದ ಟವೆಲು ಮುಖಕ್ಕೆ ಅಡ್ಡ ಹಿಡಿದ. ಆ ಕಟ್ಟಡದಲ್ಲಿ ನಾನು ಮನಸಾರೆ ನಕ್ಕಿದ್ದು ಅದೇ ಮೊದಲು. ಆಮೇಲೆ ನಾನೂ ಹಾಗೆ ಮಾಡಲು ಹೋದೆ. ಅಂಗಿಯ ಮೇಲೆ ಉಗುಳು ಬಿತ್ತು, ಸದ್ದು ಬರಲಿಲ್ಲ. ಅವಳು ನೋಡುತ್ತಲೇ ಇದ್ದಳು.

“ಬರಂಗಿಲ್ಲ, ತಂಗಿ” ಅಂದೆ.

ಮುಂದಿನ ವಾರ ಹೋಗುವಾಗ ನನ್ನ ಹಳೆಯ ಸೀಟಿಯನ್ನು ಒಯ್ದೆ. ಬಸ್ಸಿನ ಗಂಟೆಯ ಹಗ್ಗ ಹರಿದುಹೋದ ದಿನಗಳಲ್ಲಿ ಊದಲೆಂದು ಇಟ್ಟುಕೊಂಡಿದ್ದ ಕಬ್ಬಿಣದ ಸೀಟಿ ಅದು. ಒಳಗಿನ ಗುಂಡು ಸವೆದು, ಊದಿದರೆ ನಡುವೆ ಒಮ್ಮೆ ಒಡೆದು ಮತ್ತೆ ಕೂಡಿಕೊಳ್ಳುವ ಸದ್ದು. ಇದಕ್ಕೆ ನಾಲಿಗೆ ಬೇಡ, ಉಸಿರಿದ್ದರೆ ಆತು ಎಂದು ಊದಿ ತೋರಿಸಿದೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿ, ತಾಳಿಯ ದಾರಕ್ಕೆ ಕಟ್ಟಿಕೊಂಡಳು. “ಕುರಿಗೋಳು ಇದರ ಮಾತ್ ಕೇಳ್ತಾವೋ ಇಲ್ಲೋ” ಅಂದಳು.

ಆಪರೇಷನ್ ಆಯಿತು. ಅವಳ ಮಾತು ನನ್ನ ಮಾತಿನಂತೆಯೇ ಆಯಿತು. ಸಂಜೆ ಆರಕ್ಕೆ ಫೋನಿನಲ್ಲಿ ಮಾತಾಡುತ್ತಿದ್ದೆವು, ಇಬ್ಬರು ತೊದಲರು. ನನಗೆ ಅವಳದೊಂದು ಅಕ್ಷರವೂ ತಪ್ಪುತ್ತಿರಲಿಲ್ಲ, ಅವಳಿಗೆ ನನ್ನದೂ. ನಾನು ‘ಲ’ ನುಂಗಿದರೆ ಅವಳು ಅದನ್ನು ಎತ್ತಿಕೊಳ್ಳುತ್ತಿದ್ದಳು. “ಇವ್ರಿಬ್ರು ಯಾವ ಭಾಷಾ ಆಡ್ತಾರೋ, ತೆಲುಗೂ ಅಲ್ಲ, ಕನ್ನಡಾನೂ ಅಲ್ಲ” ಎಂದು ಅವಳ ಗಂಡ ಪಕ್ಕದಲ್ಲಿ ಗೊಣಗುವುದು ಕೇಳಿಸುತ್ತಿತ್ತು. ಯಾವ ಕುರಿ ಈಯಿತು, ಯಾವ ಮರಿ ಹಾಲು ಕುಡಿಯುತ್ತಿಲ್ಲ, ಇಂಥವೇ ಮಾತು. ಆಪರೇಷನ್ನಿನ ನಂತರ ನನ್ನ ಬಾಳಿನಲ್ಲಿ ಅಷ್ಟು ಒಳ್ಳೆಯ ದಿನಗಳು ಬಂದಿರಲಿಲ್ಲ.

ಗಾಯ ಮಾಗಿದ ಮೇಲೆ ಕರೆಂಟು ಶುರುವಾಯಿತು. ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟು ಕೊಡುವುದು ಅಂತಲೇ ಹೇಳುವುದು. ಮೂವತ್ತು ದಿನ. ವಾರಕ್ಕೆ ಐದು, ಶನಿವಾರ ಭಾನುವಾರ ಬಿಡುವು. ಅವಳು ಆಸ್ಪತ್ರೆಯ ಪಕ್ಕದ ಛತ್ರದಲ್ಲಿ ಒಬ್ಬಳೇ ಇರುತ್ತಿದ್ದಳು, ಕುರಿಗಳನ್ನು ಬಿಟ್ಟು ಗಂಡ ಬರುವಂತಿರಲಿಲ್ಲ. ಹತ್ತು ದಿನ ಕಳೆಯುತ್ತಲೇ ಬಾಯೊಳಗೆಲ್ಲ ಹುಣ್ಣು, ಗಂಜಿ ಹಾಕಲು ಮೂಗಿನಲ್ಲಿ ನಳಿಗೆ. ಹತ್ತೊಂಬತ್ತು ಮುಗಿಸಿ ಶುಕ್ರವಾರ ಊರಿಗೆ ಬಂದಳು. ಭಾನುವಾರ ಸಂಜೆ ಫೋನ್ ಬಂತು. ಸ್ಪೀಕರ್ ಹಾಕಿದ್ದಳು, ಹಿಂದೆ ಕುರಿಗಳ ಸದ್ದು, ಗಂಡನ ಕೆಮ್ಮು.

“ಯಣ್ಣಾ, ನೀರ್ ಕುಡದ್ರ ಬೆಂಕಿ ಬಿದ್ದಂಗ ಆಗ್ತದ. ಇನ್ನ ಹನ್ನೊಂದು ಉಳ್ದಾವ. ಏನ್ ಮಾಡ್ಲಿ, ನೀನೇ ಹೇಳು. ನೀ ಏನ್ ಅಂತಿ, ಅದೇ ಮಾಡ್ತೀನಿ.”

ಡಾಕ್ಟರನ್ನು ಕೇಳು ಅನ್ನಬೇಕಿತ್ತು. ಆದರೆ ಇಪ್ಪತ್ತೆರಡು ವರ್ಷ ಬಸ್ಸನ್ನು ನಿಲ್ಲಿಸಿ ಹೊರಡಿಸಿದವನಿಗೆ ಅಷ್ಟು ತಾಳ್ಮೆ ಎಲ್ಲಿ ಬರಬೇಕು?

“ಚಾಲೂ ಇರ್ಲಿ” ಅಂದೆ.

ಅವಳು ಹ್ಞೂಂ ಅಂದಳು. ಫೋನ್ ಇಟ್ಟಳು.

ಮರುದಿನ ಸಂಜೆ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. ನೋವು ಹೆಚ್ಚಿರಬೇಕು ಎಂದುಕೊಂಡೆ ಮೊದಲು. ಆಮೇಲೆ ಸಿಟ್ಟು ಬಂತು. ತಾಂಡೂರಿನವನ ಬಜ್ಜಿ ನೆನಪಾಯಿತು. ಅವನು ವಾಸಿಯಾಗುವ ತನಕವಾದರೂ ತಡೆದಿದ್ದ, ಇವಳಿಗೆ ಅಷ್ಟೂ ಪುರಸೊತ್ತಿಲ್ಲ ಎಂದು ಮುನಿಸಿಕೊಂಡು ಫೋನ್ ಮಾಡುವುದನ್ನೇ ಬಿಟ್ಟೆ. ಸಂಜೆ ಆರಕ್ಕೆ ಸುಮ್ಮನೆ ಡಿಪೋದ ಗೇಟಿನ ಹತ್ತಿರ ನಿಂತು ಹೋಗುವ ಬಸ್ಸುಗಳನ್ನು ನೋಡುತ್ತಿದ್ದೆ. ಆ ಮುನಿಸಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮುಂದಿನ ವಾರ ನನ್ನದೇ ತಪಾಸಣೆಗೆಂದು ದೊಡ್ಡಾಸ್ಪತ್ರೆಗೆ ಹೋದಾಗ ಸಿಸ್ಟರ್ ಕರೆದರು. ನಿಮ್ಮ ನಾರಾಯಣಖೇಡದವಳು ಒಂಬತ್ತು ದಿನದಿಂದ ಕರೆಂಟಿಗೆ ಬಂದಿಲ್ಲ, ಮನೆಗೆ ಫೋನ್ ಮಾಡಿದರೆ ಗಂಡ ‘ನಿಮ್ಮ ಕಡೆಯವರೇ ಚಾಲು ಅಂದರಲ್ಲ’ ಅನ್ನುತ್ತಾನೆ, ಏನಿದು ಎಂದು ಕೇಳಿದರು.

ನಮ್ಮ ಮಾತಿನಲ್ಲಿ ‘ಚಾಲೂ’ ಅಂದರೆ ನಡೆಯುತ್ತಿರುವುದು. ಮೋಟರು ಚಾಲೂ, ಬಸ್ಸು ಚಾಲೂ, ಸಾಲಿ ಚಾಲೂ. ತೆಲುಗಿನಲ್ಲಿ ‘ಚಾಲು’ ಅಂದರೆ ಸಾಕು. ಎರಡಕ್ಕೂ ನಡುವೆ ಇರುವುದು ಕೊನೆಯಲ್ಲಿ ಒಂದು ದೀರ್ಘ, ಮತ್ತು ನನ್ನ ಬಾಯಿಯಲ್ಲಿ ದೀರ್ಘ ನಿಲ್ಲುವುದಿಲ್ಲ. ‘ಇರ್ಲಿ’ ಅನ್ನುವುದೂ ಎರಡು ಕಡೆಗೆ ತಿರುಗುವ ಮಾತೇ. ಚಾಲೂ ಇರಲಿ ಎಂದರೆ ಮುಂದುವರಿಯಲಿ. ಚಾಲು, ಇರಲಿ ಎಂದರೆ ಸಾಕು, ಹೋಗಲಿ ಬಿಡು. ಮೂರು ಭಾಷೆ ಬಲ್ಲೆ ಎಂದು ಮೆರೆದವನು ಎರಡು ಶಬ್ದ ನೆಟ್ಟಗೆ ಹೇಳದೆ ಒಂದು ಜೀವಕ್ಕೆ ಕುತ್ತು ತಂದಿದ್ದೆ.

ಮರುದಿನ ಮೊದಲ ಬಸ್ಸಿಗೆ ನಾರಾಯಣಖೇಡಕ್ಕೆ ಹೋದೆ. ಅಲ್ಲಿಂದ ಆಟೋ, ಆಮೇಲೆ ನಡಿಗೆ. ಗಂಡ ದೊಡ್ಡಿಯ ಬಾಗಿಲಿಗೇ ಎದುರಾದ.

“ಬರ್ರಿ, ಬರ್ರಿ. ಸಿಸ್ಟರ್ ಫೋನ್ ಮಾಡ್ಯಾರ. ಬಿಡಬಾರದಿತ್ತಂತ. ನೀವೇ ಚಾಲು ಅಂದೀರಿ, ನನ್ನ ಕಿವೀಲೇ ಕೇಳೀನಿ. ಈಗ ಹೆಚ್ಚುಕಮ್ಮಿ ಆತಂದ್ರ ಯಾರ್ ಜವಾಬ್‌ದಾರಿ?”

ಅವಳು ಒಳಗೆ ಗೋಡೆಗೊರಗಿ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಮುಖ ಎತ್ತಲಿಲ್ಲ. ಮೂಗಿನಲ್ಲಿ ನಳಿಗೆ ಹಾಗೇ ಇತ್ತು. ನನ್ನ ನಾಲಿಗೆಯದೇ ತಪ್ಪು, ನಾನಂದದ್ದು ‘ನಡೀಲಿ’ ಅಂತ, ಅದು ಹಿಂಗ ಕೇಳಿಸಿತು ಎಂದು ಮೂರು ಸಲ ಹೇಳಿದ ಮೇಲೆ ಗಂಡನಿಗೆ ತಿಳಿಯಿತು. ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ನಾನು ಎದ್ದೆ.

ರಸ್ತೆಯ ತನಕ ಅವಳೇ ಬಿಡಲು ಬಂದಳು. ತೊಗರಿ ಹೊಲದ ಬದುವಿನ ಮೇಲೆ ಇಬ್ಬರೂ ನಡೆದೆವು. ಅರ್ಧ ದಾರಿಯಲ್ಲಿ ನಿಂತಳು.

“ಯಣ್ಣಾ, ನನಗ ಬರಾಬರ್ ಕೇಳಿತ್ತು.”

“ಏನ್ ಕೇಳಿತ್ತು?”

“ನೀ ಚಾಲೂ ಅಂದಿದ್ದು. ನಡೀಲಿ ಅಂದಿದ್ದು. ನಿನ್ನ ಮಾತು ನನಗ ಎಂದರ ತಪ್ಪ್ಯಾದೇನು? ಅವ್ರು ಸ್ಪೀಕರ್‌ನ್ಯಾಗ ಕೇಳಿ ಚಾಲು ಅಂದ್ರಲ್ಲ ಅಂದ್ರು. ನಾನೂ ಹೌದಂದೆ.”

ನನಗೆ ಬಂದ ಸಿಟ್ಟು ಹೇಳತೀರದು. ನಿನ್ನೆಯಿಂದ ನಾನು ನನ್ನನ್ನೇ ಶಪಿಸಿಕೊಳ್ಳುತ್ತಿದ್ದೇನೆ, ನೀನು ಸುಳ್ಳು ಹೇಳಿ ಮರಿಗೆ ಹಾಲು ಕುಡಿಸುತ್ತಾ ಕೂತಿದ್ದೀಯಾ ಎಂದು ಬಾಯಿಗೆ ಬಂದಂತೆ ಬೈದೆ. ಅರ್ಧ ನಾಲಿಗೆಯ ಬೈಗುಳ. ಅವಳು ಅದರಲ್ಲೂ ಒಂದು ಅಕ್ಷರ ಬಿಡದೆ ಕೇಳಿಸಿಕೊಂಡಳು.

“ನನಗ ಸಾಕಾಗ್ಯಾದಣ್ಣಾ. ನಾ ಸಾಕಂದ್ರ ಮನ್ಯಾಗ ಯಾರ್ ಕೇಳ್ತಾರ? ಹಟ ಮಾಡ್ತಾಳ ಅಂತಾರ. ನೀ ಸಾಕಂದ್ರ ಎಲ್ಲಾರು ಕೇಳ್ತಾರ. ನೀ ಅನ್ಲಿಲ್ಲ. ಅದಕ್ಕ ನಾನೇ ಅನ್ಸಿದೆ.”

ಇದಕ್ಕೆ ಆ ಮುಂಜಾನೆಯ ಪಾಠದಲ್ಲಿ ಉತ್ತರವಿರಲಿಲ್ಲ. ಬದುವಿನ ಮೇಲೆ ಕೂತೆ. ಯಾರಿಗೂ, ಹೆಂಡತಿಗೂ ಹೇಳದಿದ್ದ ಒಂದನ್ನು ಅವಳಿಗೆ ಹೇಳಿದೆ. ನನ್ನ ಕರೆಂಟಿನ ಇಪ್ಪತ್ತೊಂದನೇ ದಿನ ನಾನೂ ಓಡಿಬಂದಿದ್ದೆ. ಸಂಗಾರೆಡ್ಡಿಯ ತನಕ ಯಾರದೋ ಲಾರಿಯಲ್ಲಿ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಜಹೀರಾಬಾದಿನ ಬಸ್ಸು ಬಂತು, ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಅಂದ. ಸಾವಿರಾರು ಸಲ ಕೂಗಿದ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಎರಡು ಸಲ ಕೇಳಿ, ಕುಡಿದಿದ್ದೇನೆಂದು ತಿಳಿದು ಇಳಿಸಿಬಿಟ್ಟ. ಹೋಗಲು ಬೇರೆ ಜಾಗವಿಲ್ಲದೆ ಆಸ್ಪತ್ರೆಗೇ ವಾಪಸು ಹೋದೆ. “ಧೈರ್ಯ ಗೀರ್ಯ ಏನಿಲ್ಲ ತಂಗಿ. ಮನಿಗಿ ಟಿಕೆಟ್ ಕೇಳಾಕ ಬಾಯಿ ಬರ್ಲಿಲ್ಲ, ಅದಕ್ಕ ಉಳ್ದೀನಿ.”

ಅವಳು ನಗಲು ಹೋದಳು. ಹುಣ್ಣು ಎಳೆದು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, “ನಮ್ಮನಿಯವ್ರಿಗಿ ಹೇಳ್ತೀಯೇನು?” ಅಂದಳು.

“ಇಲ್ಲ.”

“ನಾಳಿ ಮುಂಜಾನಿ ಬಸ್ಸ್ ಎಷ್ಟಕ್ಕದ?”

ಆ ಪ್ರಶ್ನೆಗೆ ಮಾತ್ರ ನನ್ನಲ್ಲಿ ಯಾವಾಗಲೂ ಉತ್ತರವಿರುತ್ತದೆ. ಮರುದಿನ ನಾನೇ ಜೊತೆಗೆ ಹೋಗಿ ಬಿಟ್ಟುಬಂದೆ. ಬಿಟ್ಟುಹೋದ ದಿನಗಳಿಗೆಂದು ಡಾಕ್ಟರು ಇನ್ನೆರಡು ಹೆಚ್ಚಿಗೆ ಸೇರಿಸಿದರು. ಹದಿಮೂರನ್ನೂ ಅವಳು ಮುಗಿಸಿದಳು ಎಂದು ನನಗೆ ಬೇರೆಯವರಿಂದ ತಿಳಿಯಿತು.

ಯಾಕೆಂದರೆ ಅಷ್ಟರಲ್ಲಿ ನನ್ನನ್ನು ಆ ಕೆಲಸದಿಂದ ಬಿಡಿಸಿದ್ದರು. ನೀವು ನಿಜವಾಗಿ ಹಾಗಂದಿರಾ ಎಂದು ಸಿಸ್ಟರ್ ಕೇಳಿದಾಗ, ಹೌದು, ಹೇಳಬಾರದ್ದನ್ನು ಹೇಳಿದೆ, ಅದನ್ನೂ ನೆಟ್ಟಗೆ ಹೇಳಲಿಲ್ಲ ಎಂದೆ. ಅವರು ಬಹಳ ನಯವಾಗಿಯೇ, ಇನ್ನು ಫೋನಿನಲ್ಲಿ ಬೇಡ ಅಂಕಲ್, ಎದುರಿಗೆ ಕೂತು ಮಾತಾಡುವಂಥದ್ದು ಬಂದರೆ ಕರೆಯುತ್ತೇನೆ ಅಂದರು. ತಪ್ಪು ಅವರದಲ್ಲ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನಿಜ ಹೇಳಿಬಿಡೋಣವೇ ಎಂದು ಒಂದು ಕ್ಷಣ ಬಾಯಿಯ ತನಕ ಬಂದಿತ್ತು. ಹೇಳಿದ್ದರೆ ಅದು ಗಂಡನ ಕಿವಿಗೆ ಹೋಗುತ್ತಿತ್ತು, ಆಮೇಲೆ ಆ ಮನೆಯಲ್ಲಿ ಅವಳ ನೋವಿನ ಮಾತನ್ನೂ ಯಾರೂ ನಂಬುತ್ತಿರಲಿಲ್ಲ. ನುಂಗಿಕೊಂಡೆ. ಆ ಕರೆ ಮತ್ತೆ ಬರಲಿಲ್ಲ. ಅವಳ ಫೋನೂ ನಿಂತಿತು. ಆ ತೊದಲನ ಸಹವಾಸ ಬೇಡ ಎಂದು ಗಂಡ ಹೇಳಿರಬೇಕು. ಸಂಜೆ ಆರು ಗಂಟೆ ಮಾತ್ರ ದಿನಾ ಬರುತ್ತದೆ. ಆ ಹೊತ್ತಿಗೆ ನಾನು ಒಂದಲ್ಲ ಒಂದು ನೆಪ ಮಾಡಿಕೊಂಡು ಹೊರಗೆ ಅಡ್ಡಾಡುತ್ತೇನೆ.

ಎರಡು ವರ್ಷದ ಮೇಲೆ, ಈ ಸಲದ ಚಳಿಗಾಲದಲ್ಲಿ, ನಾರಾಯಣಖೇಡದಿಂದ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಊರು ದಾಟಿ ಸ್ವಲ್ಪ ದೂರಕ್ಕೆ ಕುರಿಮಂದೆ ರಸ್ತೆ ತುಂಬಿ ಬಸ್ಸು ನಿಂತಿತು. ಡ್ರೈವರು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಆಗ ಒಂದು ಸೀಟಿ ಕೇಳಿಸಿತು. ನಡುವೆ ಒಮ್ಮೆ ಒಡೆದು ಮತ್ತೆ ಕೂಡಿಕೊಂಡಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಸೀಟಿ ಬಾಯಲ್ಲಿಟ್ಟುಕೊಂಡು ಅವಳು ನಿಂತಿದ್ದಳು, ಮೈ ತುಂಬಿಕೊಂಡಿತ್ತು, ಮೂಗಿನಲ್ಲಿ ನಳಿಗೆ ಇರಲಿಲ್ಲ. ಪಕ್ಕದಲ್ಲಿ ಇಬ್ಬರು ಹೆಂಗಸರು. ಅವಳು ಊದಿದ ಕಡೆಗೆ ಕುರಿಗಳು ತಿರುಗುತ್ತಿದ್ದವು.

ಅವಳು ನನ್ನನ್ನು ನೋಡಿದಳು. ಎರಡು ಮಾರು ದೂರ, ನೋಡಲಿಲ್ಲ ಅನ್ನುವ ಹಾಗಿಲ್ಲ. ಆಮೇಲೆ ಸೆರಗು ಎಳೆದುಕೊಂಡು ಮಂದೆಯ ಕಡೆಗೆ ತಿರುಗಿ ನಡೆದಳು.

ಸಂತೋಷವಾಯಿತು. ಇದಕ್ಕೇ ಅಲ್ಲವೇ ನಾನು ಅಷ್ಟು ದೂರ ಹೋದದ್ದು. ನನ್ನ ಮುಖ ಬೇಡವಾಗುವಷ್ಟು ಅವಳು ವಾಸಿಯಾಗಿದ್ದಾಳೆ. ತಾಂಡೂರಿನವನ ಮೇಲಿದ್ದ ಸಿಟ್ಟೂ ಅಲ್ಲಿಯೇ ಇಳಿದುಹೋಯಿತು. ಆದರೂ ಜಹೀರಾಬಾದ್ ಬರುವ ತನಕ ಕಿಟಕಿಯ ಕಡೆಗೇ ಮುಖ ಮಾಡಿ ಅತ್ತೆ.

ಮನೆಗೆ ಬಂದಾಗ ಹೆಂಡತಿ ಟಿವಿಯ ಮುಂದೆ ಸೊಪ್ಪು ಸೋಸುತ್ತಿದ್ದಳು. ಯಾರಿಗಾದರೂ ಹೇಳಲೇಬೇಕಿತ್ತು. ಇವತ್ತು ಒಬ್ಬಾಕಿ ಸೀಟಿ ಊದಿ ಕುರಿ ಕರೆದದ್ದನ್ನು ನೋಡಿದೆ ಅಂದೆ. ಅವಳು ತಲೆ ಎತ್ತಿ, “ಏನ್? ಯಾರ್ ಸಿಟ್ಟಿಗೆದ್ದ್ರು?” ಅಂದಳು. ಇನ್ನೊಮ್ಮೆ ಹೇಳಿದೆ. ಟಿವಿ ಸಣ್ಣ ಮಾಡಿ, ಪಾಪ, ನಿಜವಾಗಿಯೂ ಕಿವಿಗೊಟ್ಟು, “ಏನಂದ್ರಿ?” ಎಂದಳು.

“ಇರ್ಲಿ” ಅಂದೆ. ಅದು ಅವಳಿಗೆ ಸರಿಯಾಗಿ ಕೇಳಿಸಿತು.